ಮಂಡಿಯ ಲೆಕ್ಕ ಮುಗಿಸಿ ಕವಿಗೋಷ್ಠಿಗೆ ಹೋಗುವವರಿಗೆ

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆಬಗೆಯ ಚೀಲಗಳ ತೂಕ ಬರೆದುಕೊಂಡು, ರೈತರ ಕೈಗೆ ಪಟ್ಟಿ ಕೊಟ್ಟು ಮುಗಿಸುವಷ್ಟರಲ್ಲಿ ಸಂಜೆ ಐದೂವರೆ. ಕವಿಗೋಷ್ಠಿ ಆರೂವರೆಗೆ. ನಡುವಿನ ಆ ಒಂದು ಗಂಟೆಯನ್ನು ನಂಬಿಕೊಂಡು ಕವಿತೆ ಓದಲು ಹೋಗಬೇಡಿ. ಸಂಜೆಯ ಓದಿಗೆ ಬೆಳಿಗ್ಗೆಯಿಂದಲೇ ಅಣಿಯಾಗಬೇಕು.

ಹಾಳೆ ಹಿಂದಿನ ರಾತ್ರಿಯೇ ಸಿದ್ಧವಿರಲಿ. ಒಂದೇ ಮಗ್ಗುಲಲ್ಲಿ, ದೊಡ್ಡ ಅಕ್ಷರದಲ್ಲಿ, ಬಾಲ್ ಪೆನ್ನಿನಿಂದ ಬರೆಯಿರಿ. ನಮ್ಮ ಮಳೆಗಾಲದಲ್ಲಿ ಶಾಯಿಯ ಬರಹ ಚೀಲದೊಳಗೇ ಕದಡಿಹೋಗುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ ಇಟ್ಟರೆ ಇನ್ನೂ ಒಳ್ಳೆಯದು. ಮೊಬೈಲ್ ನೋಡಿ ಓದುವುದು ನನಗೆ ಒಗ್ಗುವುದಿಲ್ಲ. ಐದು ನಿಮಿಷ ಕೊಟ್ಟರೆ ನನ್ನ ಓದಿಗೆ ಮೂವತ್ತು ಸಾಲು ಸಾಕು. ನಿಮ್ಮದು ಎಷ್ಟು ಸಾಲು ಎಂಬುದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿಯೇ ತಿಳಿಯಬೇಕು. ಮನಸ್ಸಿನಲ್ಲಿ ಓದಿದರೆ ಕವಿತೆ ಯಾವಾಗಲೂ ಬೇಗ ಮುಗಿಯುತ್ತದೆ.

ಹಗಲೆಲ್ಲ ಕಾಯಬೇಕಾದದ್ದು ದನಿಯನ್ನು. ಚೀಲ ಸುರಿದಾಗ ಏಳುವ ಅಡಿಕೆಯ ದೂಳು ಗಂಟಲಿನಲ್ಲಿ ಕೂರುತ್ತದೆ. ಗೋಷ್ಠಿಯ ದಿನ ನಾನು ಸೆರಗನ್ನು ಮೂಗಿಗೆ ಅಡ್ಡ ಹಿಡಿಯುತ್ತೇನೆ. ಕುಳಿತಲ್ಲಿಂದ ತೂಕ ಕೂಗಿ ಕೇಳುವ ಬದಲು ತಕ್ಕಡಿಯ ಬಳಿಗೇ ಎದ್ದು ಹೋಗುತ್ತೇನೆ. ಜೀರಿಗೆ, ಕೊತ್ತಂಬರಿ, ಕಾಳುಮೆಣಸಿನ ಕಷಾಯ ಫ್ಲಾಸ್ಕಿನಲ್ಲಿರುತ್ತದೆ. ನಾಲ್ಕು ಗಂಟೆಯ ಖಾರಾ ಮಂಡಕ್ಕಿ ಮಾತ್ರ ಆ ದಿನ ಬೇಡ. ಅದರ ಚೂರು ಗಂಟಲಿಗೆ ಅಂಟಿಕೊಂಡರೆ ಮೊದಲ ಸಾಲಿನಲ್ಲೇ ಕೆಮ್ಮು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಬ್ಬರಿಗಾದರೂ ಓದಿ ಹೇಳಿ. ಸಾಹಿತ್ಯ ಬಲ್ಲವರೇ ಆಗಬೇಕಿಲ್ಲ. ನಮ್ಮಲ್ಲಿ ಮೂಟೆ ಹೊರುವ ಹಿರಿಯರೊಬ್ಬರು ಬುತ್ತಿ ಬಿಚ್ಚಿಕೊಂಡೇ ಕೇಳಿಸಿಕೊಳ್ಳುತ್ತಾರೆ. ಒಮ್ಮೆ ಅವರು, "ಅಕ್ಕಾ, ಆ ಹೊಳೆ ದಾಟುವ ಮಾತು ಬಂದಾಗ ಯಾಕೆ ಓಡಿಬಿಟ್ಟಿರಿ? ನಾನಿನ್ನೂ ಈ ದಡದಲ್ಲೇ ಇದ್ದೆ," ಎಂದರು. ಆ ಸಂಜೆ ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತೆ. ಸಭೆಯೂ ನನ್ನ ಜೊತೆ ನಿಂತಿತು.

ಎಲ್ಲಿ ನಿಲ್ಲಬೇಕು ಎಂಬುದನ್ನು ನಾನು ಕಲಿತದ್ದು ಗಮಕ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಓದುವುದನ್ನು, ಕೇಳಿ. ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಹೊಸಹಳ್ಳಿ. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಆ ಹೊಸಹಳ್ಳಿಯವರು. ಗಮಕಿಗಳು ಓದುವ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಮೊದಲ, ಎರಡನೆಯ, ನಾಲ್ಕನೆಯ, ಐದನೆಯ ಸಾಲುಗಳಿಗೆ ತಲಾ 14 ಮಾತ್ರೆ (ಅಕ್ಷರ ನುಡಿಯುವ ಹೊತ್ತಿನ ಅಳತೆ), ಮೂರನೆಯದಕ್ಕೂ ಆರನೆಯದಕ್ಕೂ 23. ಈ ಲೆಕ್ಕಕ್ಕೆ ಕಟ್ಟುಬಿದ್ದು ಎಷ್ಟೋ ಕಡೆ ಪದವೇ ತುಂಡಾಗಿ, ಅರ್ಧ ಮುಂದಿನ ಸಾಲಿಗೆ ಹೋಗಿ ಕೂತಿರುತ್ತದೆ. ಸಾಲಿನ ತುದಿ ಬಂತೆಂದು ಅಲ್ಲಿ ನಿಂತರೆ ಅರ್ಥ ಮುರಿಯುತ್ತದೆ. ಬಲ್ಲ ಗಮಕಿ ಅರ್ಥ ಮುಗಿದಲ್ಲಿ ನಿಲ್ಲುತ್ತಾರೆ. ಲಯವೂ ಕೆಡುವುದಿಲ್ಲ, ಕೇಳುವವರಿಗೆ ಕತೆಯೂ ತಪ್ಪುವುದಿಲ್ಲ. ಹೊಸಗನ್ನಡದ ಕವಿತೆಗೆ ರಾಗ ಬೇಡ, ಈ ನಿಲುಗಡೆ ಬೇಕೇ ಬೇಕು. ಹಾಳೆಯ ಮೇಲೆ ಉಸಿರು ತೆಗೆಯುವ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಸಣ್ಣ ಗೆರೆ ಹಾಕಿಕೊಳ್ಳಿ. ಸಾಲಿನ ಕೊನೆಯ ಪದ ನುಂಗಬೇಡಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುವುದರಿಂದ, ದನಿ ಅಲ್ಲಿ ಇಳಿದುಹೋದರೆ ಏನಾಯಿತು ಎಂಬುದೇ ಹಿಂದೆ ಕುಳಿತವರಿಗೆ ತಿಳಿಯುವುದಿಲ್ಲ.

ಹೊಸಬರಾಗಿದ್ದರೆ ಮೊದಲು ಎರಡು ಮೂರು ಸಂಜೆ ಸುಮ್ಮನೆ ಕೇಳಲು ಹೋಗಿ. 1930ರಲ್ಲಿ ಹುಟ್ಟಿದ ಸಾಹಿತ್ಯ ಸಂಸ್ಥೆ ಕರ್ನಾಟಕ ಸಂಘ ಇರುವ ಊರು ಇದು; ಕೇಳಿ ಪಳಗಿದ ಕಿವಿಗಳು ಇಲ್ಲಿ ಬಹಳ.

ಇನ್ನು ಮಳೆಯ ಮಾತು. ತಗಡಿನ ಮಾಡಿನ ಸಭಾಂಗಣದಲ್ಲಿ ಓದುವಾಗ ಮಳೆ ಹೊಯ್ಯಲು ಶುರುವಾದರೆ ಅದರ ಮೇಲೆ ಕೂಗಬೇಡಿ. ನಾನು ಹಾಗೆ ಕೂಗಿದ್ದೇನೆ. ತಾಯಿಯನ್ನು ಕುರಿತ ಕವಿತೆ ಜಗಳದಂತೆ ಕೇಳಿಸಿತು. ಈಗಲೂ ನೆನೆದರೆ ಸಂಕಟವಾಗುತ್ತದೆ. ಹಾಳೆ ಇಳಿಸಿ, ಜೋರು ತಗ್ಗುವವರೆಗೆ ಸುಮ್ಮನೆ ನಿಂತಿರಿ. ಮಲೆನಾಡಿನವರು ಮಳೆಗೆ ಕಾಯುವುದನ್ನು ಬಲ್ಲರು, ಯಾರೂ ಎದ್ದು ಹೋಗುವುದಿಲ್ಲ. ಬಿಟ್ಟ ಸಾಲಿನಿಂದಲ್ಲ, ಆ ಪದ್ಯದ ಆರಂಭದಿಂದ ಮತ್ತೆ ಹಿಡಿಯಿರಿ. ಕರೆಂಟು ಹೋಗುವುದೂ ಇದ್ದೇ ಇದೆ. ಮೊದಲ ನಾಲ್ಕು ಸಾಲು, ಕೊನೆಯ ನಾಲ್ಕು ಸಾಲು ಬಾಯಿಪಾಠವಿರಲಿ.

ಸಭೆಗೆ ಹತ್ತು ನಿಮಿಷ ಮುಂಚೆ ತಲುಪಿ, ಮುಖ ತೊಳೆದು, ಯಾರೊಡನೆಯೂ ಮಾತಾಡದೆ ಕುಳಿತುಕೊಳ್ಳಿ. ಅಂದಿನ ಧಾರಣೆಯ ಅಂಕಿಗಳು ತಲೆಯಿಂದ ಇಳಿಯಲು ಅಷ್ಟು ಹೊತ್ತು ಬೇಕು. ಓದುವ ಮುನ್ನ ಕವಿತೆಯ ಅರ್ಥ ಹೇಳಬೇಡಿ, ಹೆಸರು ಹೇಳಿ ಓದಿ. ತೀರ್ಥಹಳ್ಳಿ, ಸಾಗರದ ಕಡೆಯ ಬಸ್ಸು ಹಿಡಿಯಬೇಕಾದವರು ಗೋಷ್ಠಿ ನಡೆಸುವವರಿಗೆ ಮೊದಲೇ ತಿಳಿಸಿದರೆ ಬೇಗ ಕರೆಯುತ್ತಾರೆ. ಆದರೆ ಓದಿದ ಕೂಡಲೇ ಹೊರಡಬೇಡಿ; ನಿಮ್ಮ ನಂತರದ ಇಬ್ಬರನ್ನಾದರೂ ಕೇಳಿ ಏಳಿ.

ಮರಳುವ ಬಸ್ಸಿನಲ್ಲಿ ನಾನು ಹಾಳೆಯನ್ನು ಮತ್ತೆ ಬಿಚ್ಚಿ, ನಾಲಿಗೆ ತೊಡರಿದ ಪದಗಳ ಕೆಳಗೆ ಗೆರೆ ಎಳೆಯುತ್ತೇನೆ. ಮರುದಿನ ಮಂಡಿಯ ಬಾಗಿಲು ತೆರೆಯುವ ಮುಂಚೆ ಅವನ್ನು ತಿದ್ದುತ್ತೇನೆ.