ಪ್ಯಾಂಕ್ರಿಯಾಸ್ ಸುತ್ತ ನೀರು: ಸಿಟಿ ನೋಡುವ ಮುಂಚೆ ದಿನ ಎಣಿಸಿ

ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆದವರ ಸಿಟಿ ರಿಪೋರ್ಟಿನಲ್ಲಿ ‘ಸೂಡೋಸಿಸ್ಟ್’ (ಗೋಡೆ ಕಟ್ಟಿದ ನೀರಿನ ಚೀಲ) ಎಂದು ಬರೆಯುವ ಮುಂಚೆ ಎರಡು ವಿಷಯ ಗೊತ್ತಿರಬೇಕು: ನೋವು ಶುರುವಾಗಿ ಎಷ್ಟು ದಿನವಾಯಿತು, ಒಳಗೆ ಸತ್ತ ಅಂಗಾಂಶ ಇದೆಯೋ ಇಲ್ಲವೋ.

ಲೆಕ್ಕ ನೋವಿನ ದಿನದಿಂದ, ಅಡ್ಮಿಷನ್ ದಿನದಿಂದಲ್ಲ. ಜಗಳೂರು, ಚಳ್ಳಕೆರೆ ಕಡೆಯಿಂದ ದಾವಣಗೆರೆಗೆ ಬರುವವರು ಊರಲ್ಲೇ ‘ಗ್ಯಾಸ್ಟ್ರಿಕ್’ ಇಂಜೆಕ್ಷನ್ ಹಾಕಿಸಿಕೊಂಡು ಮೂರ್ನಾಲ್ಕು ದಿನ ಕಳೆದಿರುವುದುಂಟು. ಚೀಟಿಯಲ್ಲಿ ಅದು ಇರುವುದಿಲ್ಲ. “ಅಮಾವಾಸ್ಯೆಗೆ ಮುಂಚೆನಾ, ಆಮೇಲಾ?” ಎಂದು ಮನೆಯವರನ್ನು ಕೇಳಿದರೆ ತಾರೀಖು ಸಿಗುತ್ತದೆ.

ಮೊದಲ 72 ಗಂಟೆಯೊಳಗಿನ ಸ್ಕ್ಯಾನ್ ನೆಕ್ರೋಸಿಸ್ಸನ್ನು (ಅಂಗಾಂಶ ಸತ್ತಿರುವುದನ್ನು) ಕಡಿಮೆ ತೋರಿಸುತ್ತದೆ. ರೋಗಿ ಸ್ಥಿರವಾಗಿದ್ದರೆ ಕಾಯಿರಿ. ಕಾಂಟ್ರಾಸ್ಟ್ (ರಕ್ತನಾಳ ಬೆಳ್ಳಗೆ ಕಾಣಿಸುವ ಔಷಧಿ) ಕೊಟ್ಟು 60–70 ಸೆಕೆಂಡಿಗೆ ಪೋರ್ಟಲ್ ಫೇಸ್ (ಅದು ಪೋರ್ಟಲ್ ಅಭಿಧಮನಿ ತುಂಬುವ ಹೊತ್ತಿನ ಚಿತ್ರ) ತೆಗೆಯಿರಿ. ರಕ್ತಸ್ರಾವದ ಅನುಮಾನವಿದ್ದರೆ ಆರ್ಟೀರಿಯಲ್ ಫೇಸ್ (ಅಪಧಮನಿ ತುಂಬುವ ಹೊತ್ತಿನ ಚಿತ್ರ) ಸೇರಿಸಿ.

ಹೆಸರಿಡುವುದು 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣದ ಪ್ರಕಾರ. ಗ್ರಂಥಿಯೆಲ್ಲ ಕಾಂಟ್ರಾಸ್ಟ್ ಹಿಡಿದು, ಸುತ್ತ ಗೋಡೆಯಿಲ್ಲದ ಬರೀ ನೀರಿದ್ದರೆ ನಾಲ್ಕು ವಾರದವರೆಗೆ ಎಪಿಎಫ್‌ಸಿ (ಅಕ್ಯೂಟ್ ಪೆರಿಪ್ಯಾಂಕ್ರಿಯಾಟಿಕ್ ಫ್ಲೂಯಿಡ್ ಕಲೆಕ್ಷನ್). ಬಹುಪಾಲು ತಾನಾಗಿಯೇ ಇಂಗುತ್ತದೆ, ಮುಟ್ಟಬೇಡಿ. ಇಂಗದೆ ಗೋಡೆ ಕಟ್ಟಿದರೆ ಸೂಡೋಸಿಸ್ಟ್. ನೆಕ್ರೋಸಿಸ್ ಇದ್ದರೆ ನಾಲ್ಕು ವಾರದೊಳಗೆ ಎಎನ್‌ಸಿ (ಅಕ್ಯೂಟ್ ನೆಕ್ರೋಟಿಕ್ ಕಲೆಕ್ಷನ್), ಆಮೇಲೆ ಗೋಡೆ ಬಲಿತರೆ ವಾಲ್ಡ್ ಆಫ್ ನೆಕ್ರೋಸಿಸ್. ಗ್ರಂಥಿಯ ಜಾಗವನ್ನೇ ನೀರು ನುಂಗಿದ್ದರೆ ಅದು ಎಪಿಎಫ್‌ಸಿ ಅಲ್ಲ, ಎಎನ್‌ಸಿಯೇ.

ಎಡವುವುದು ಹೆಚ್ಚಾಗಿ ಇಲ್ಲೇ. ಸಿಟಿಯಲ್ಲಿ ಸತ್ತ ಅಂಗಾಂಶವೂ ನೀರಿನಂತೆ ಒಂದೇ ಬೂದುಬಣ್ಣವಾಗಿ ಕಾಣಬಹುದು. ನಡುವೆ ಕೊಬ್ಬಿನ ಕಪ್ಪು ಚೂರುಗಳಿವೆಯೇ ಹುಡುಕಿ. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಪ್ರೋಬ್ ಇಡಿ: ಬರೀ ನೀರು ಕಪ್ಪಗೆ ಕಾಣುತ್ತದೆ, ಗಸಿಯಿದ್ದರೆ ಬಿಳಿ ತುಣುಕು ತೇಲುತ್ತವೆ. ಎಂಆರ್‌ಐ ಟಿ2 ಇನ್ನೂ ಸ್ಪಷ್ಟ. ತಪ್ಪಿ ಸೂಡೋಸಿಸ್ಟ್ ಎಂದರೆ ಯಾರೋ ಸಣ್ಣ ಪಿಗ್‌ಟೇಲ್ (ತುದಿ ಸುರುಳಿಯಾದ ಡ್ರೈನ್ ಟ್ಯೂಬ್) ಹಾಕುತ್ತಾರೆ; ಗಸಿ ಕಟ್ಟಿಕೊಂಡು ಟ್ಯೂಬ್ ಮುಚ್ಚುತ್ತದೆ, ಶುದ್ಧವಾಗಿದ್ದ ನೀರಿಗೂ ಸೋಂಕು ತಗಲುತ್ತದೆ.

ಗಾಳಿಗುಳ್ಳೆ ನೋಡಲು ವಿಂಡೋ (ಪರದೆಯ ಕಪ್ಪು-ಬಿಳುಪಿನ ವ್ಯಾಪ್ತಿ) ಅಗಲಿಸಿ, ಇಲ್ಲದಿದ್ದರೆ ಕೊಬ್ಬು, ಗಾಳಿ ಎರಡೂ ಒಂದೇ ಕಪ್ಪು. ಗಾಳಿಯಿದ್ದರೆ ಸೋಂಕಿನ ಸೂಚನೆ. ಕರುಳಿಗೆ ಫಿಸ್ಟುಲಾ (ತೂತಿನ ದಾರಿ) ಆಗಿದ್ದರೂ ಬರಬಹುದು. ಗಾಳಿ ಇಲ್ಲವೆಂದ ಮಾತ್ರಕ್ಕೆ ಸೋಂಕಿಲ್ಲ ಎನ್ನಬೇಡಿ.

ಡ್ರೈನ್ ಮಾತು ಬಂದರೆ ಆರ್ಟೀರಿಯಲ್ ಚಿತ್ರ ಇನ್ನೊಮ್ಮೆ ನೋಡಿ. ನೀರಿನೊಳಗೆ ಅಯೋರ್ಟಾದಷ್ಟೇ (ಮಹಾಪಧಮನಿಯಷ್ಟೇ) ಬೆಳ್ಳಗೆ ದುಂಡನೆ ಚುಕ್ಕಿ ಇದ್ದರೆ ಅದು ಸೂಡೋಅನ್ಯೂರಿಸಂ (ಅಪಧಮನಿಯ ಗೋಡೆ ಹರಿದು ರಕ್ತ ತುಂಬಿದ ಉಬ್ಬು), ಹೆಚ್ಚಾಗಿ ಗುಲ್ಮಕ್ಕೆ ಹೋಗುವ ಸ್ಪ್ಲೀನಿಕ್ ಆರ್ಟರಿಯದು. ಸೂಜಿ ಚುಚ್ಚುವ ಮುಂಚೆ ಸರ್ಜನ್‌ಗೆ ಫೋನ್ ಮಾಡಿ.