ಹಳೆ ಇಟ್ಟಿಗೆ, ಹಂಚಿನ ಮುದ್ರೆ ಹುಡುಕುವವರಿಗೆ

ನಮ್ಮ ಮಂಗಳೂರಲ್ಲಿ ಬರೀ ಇಟ್ಟಿಗೆ ಹಿಂದೆ ಬಿದ್ದರೆ ಕೈಗೆ ಸಿಗುವುದು ಕಡಿಮೆ ಮಾರಾಯ್ರೆ. ಹಳೆ ಮನೆ ಗೋಡೆಗಳೆಲ್ಲ ಜಾಸ್ತಿ ಕೆಂಪುಕಲ್ಲಿನವು, ಅಲ್ವಾ? ಹಾಗಾಗಿ ಮಾಡಿನ (ಚಾವಣಿಯ) ಹಂಚು, ನೆಲದ ಹಂಚನ್ನೂ ತಿರುಗಿಸಿ ನೋಡಿ, ಮಾಡಿದ ಕಾರ್ಖಾನೆಯ ಹೆಸರಿನ ಮುದ್ರೆ ಒತ್ತಿರುತ್ತದೆ.

ಎಲ್ಲರೂ ಮಾಡುವ ತಪ್ಪು ಒಂದಿದೆ, ಮೊದಲು ನಾನೂ ಮಾಡಿದ್ದೆ. ಹಂಚಿನ ಮೇಲೆ ಬಾಸೆಲ್ ಮಿಷನ್ (ಇಲ್ಲಿ ಹಂಚಿನ ಕಾರ್ಖಾನೆ ನಡೆಸುತ್ತಿದ್ದ ಕ್ರೈಸ್ತ ಸಂಸ್ಥೆ) ಹೆಸರಿನ ಜೊತೆ 1865 ಅಂತ ಕಂಡ ಕೂಡಲೇ ಅದು ಅದೇ ವರ್ಷದ್ದು ಅಂದುಕೊಳ್ಳಬೇಡಿ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಅವರ ಕಾರ್ಖಾನೆ ಶುರುವಾದ ವರ್ಷ, ಎಷ್ಟೋ ವರ್ಷ ಕಳೆದ ಮೇಲೆ ಮಾಡಿದ ಹಂಚಿನಲ್ಲೂ ಅದೇ ಇರುತ್ತದೆ. ಕಾಲ ಗೊತ್ತಾಗಬೇಕಾದರೆ ಹೆಸರು ನೋಡಿ. ಕಾಮನ್‌ವೆಲ್ತ್ ಅಂತಿದ್ದರೆ ಮೊದಲ ಮಹಾಯುದ್ಧದ ನಂತರದ್ದು, ಯಾಕೆಂದರೆ ಆಗ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಕೈಗೆ ಹೋದವು. ಊರಿನ ಹೆಸರನ್ನೂ ಬಿಡಬೇಡಿ. ಮಿಷನ್ನಿನ ಕಾರ್ಖಾನೆ ಮಲ್ಪೆಯಲ್ಲೂ ಇತ್ತು, ಕೇರಳದ ಫೆರೋಕ್‌ನಲ್ಲೂ ಇತ್ತು.

ಅಕ್ಷರ ಸವೆದಿದ್ದರೆ ತಂತಿ ಬ್ರಷ್, ಆಸಿಡ್ ಬೇಡವೇ ಬೇಡ. ನೀರು, ತೆಂಗಿನ ನಾರು ಸಾಕು. ಒಣಗಿದ ಮೇಲೆ ಕತ್ತಲೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ, ಬರಿಗಣ್ಣಿಗೆ ಕಾಣದ ಅಕ್ಷರವೂ ನೆರಳಿನಲ್ಲಿ ಎದ್ದು ಬರುತ್ತದೆ.

ಮನೆ ಕೆಡವುವ ಕಡೆ ಯಜಮಾನರನ್ನು ಕೇಳಿಯೇ ತೆಗೆದುಕೊಳ್ಳಿ. ಯಾವ ಊರು, ಯಾವ ಮನೆ ಅಂತ ಅಲ್ಲೇ ಚೀಟಿ ಬರೆದಿಡಿ, ಆಮೇಲೆ ನೆನಪಿರುವುದಿಲ್ಲ. ನನ್ನ ಹತ್ತಿರ ಹಾಗೆ ಸುಮ್ನೆ ಕೂತಿರುವ ಹಂಚು ಆರೇಳು ಇವೆ.