ದೋಣಿ ಮೋಟರಿಗೆ ಹಗುರದ ಬ್ಯಾಟ್ರಿ: 37 ಕೆಜಿಯಿಂದ 12 ಕೆಜಿಗೆ ಇಳಿದ ನನ್ನ ಅನುಭವ

ನಂದು 12 ಅಡಿಯ ಸಣ್ಣ ಫೈಬರ್ ದೋಣಿ. ರಜೆ ಸಿಕ್ರೆ ಬೆಳಗ್ಗೆ ಬೆಳಗ್ಗೆ ಕುಂದಾಪುರದ ಪಂಚಗಂಗಾವಳಿ ಹೊಳೆಗೆ ಇಳೀತೀನಿ, ಗಾಳಕ್ಕೆ ಜೀವಂತ ಚಟ್ಲಿ (ಸೀಗಡಿ) ಕಟ್ಟಿ ಕಾಣೆ ಮೀನು ಹಿಡಿಯೋದು ಅಂದ್ರೆ ನಂಗೆ ಊಟ ತಿಂಡಿ ಏನೂ ನೆನಪಾಗಲ್ಲ. ದೋಣಿ ಹಿಂದೆ 55 ಪೌಂಡಿನ ಟ್ರೋಲಿಂಗ್ ಮೋಟರ್ ಇದೆ. ನಮ್ಮ ಕಡೆ ಟ್ರಾಲಿಂಗ್ ಅಂದ ಕೂಡ್ಲೆ ಬಲೆ ಎಳೆಯೋ ದೊಡ್ಡ ಬೋಟು ಅಂದ್ಕೋತಾರೆ, ಇದು ಅದಲ್ಲ, 12 ವೋಲ್ಟಲ್ಲಿ ತಿರುಗೋ ಸಣ್ಣ ಕರೆಂಟ್ ಮೋಟರು, ಶಬ್ದ ಇಲ್ಲ, ಹೊಗೆ ಇಲ್ಲ. 55 ಪೌಂಡ್ ಅನ್ನೋದು ಮೋಟರಿನ ತೂಕ ಅಲ್ಲ, ಅದು ತಳ್ಳೋ ಬಲ, ನಮ್ಮ ಲೆಕ್ಕದಲ್ಲಿ ಸುಮಾರು 25 ಕೆಜಿ.

ಮೊದಲು ಹಾಕಿದ್ದು ಮನೆ ಇನ್ವರ್ಟರಿನ 100 ಎಎಚ್ ಟ್ಯೂಬುಲರ್ ಬ್ಯಾಟ್ರಿ, ಲೆಡ್ ಆ್ಯಸಿಡ್ ಜಾತಿದು. ಎಎಚ್ ಅಂದ್ರೆ ಆಂಪಿಯರ್ ಅವರ್, ಎಷ್ಟು ಆಂಪಿಯರ್ ಎಷ್ಟು ಗಂಟೆ ಕೊಡುತ್ತೆ ಅನ್ನೋ ಲೆಕ್ಕ. ತೂಕ ಮಾಡಿದ್ರೆ 37 ಕೆಜಿ. ಮನೆಯಿಂದ ಹೊಳೆ ಬದಿಗೆ ಮುರಕಲ್ಲಿನ ಮೆಟ್ಟಿಲು ಇಳಿಬೇಕು, ಒಬ್ಬನ ಕೈಲಿ ಆಗೋ ಮಾತಲ್ಲ, ತಮ್ಮನ್ನ ನಿದ್ದೆಯಿಂದ ಎಬ್ಬಿಸಿ ಇಬ್ರೂ ಎರಡು ಬದಿ ಹಿಡ್ಕೊಂಡು ಇಳಿಸ್ತಿದ್ವಿ, ಒಂದ್ಸಲ ವಾಲಿ ಆ್ಯಸಿಡ್ ಚೆಲ್ಲಿ ಪ್ಯಾಂಟು ತೂತಾಯ್ತು. ಆದ್ರೂ ಬದಲಾಯಿಸೋ ಯೋಚನೆ ಬಂದದ್ದು ತೂಕಕ್ಕಲ್ಲ, ಭಯಕ್ಕೆ.

ಅಮಾವಾಸ್ಯೆ ಮಾರನೇ ದಿನ, ಇಳಿತ ಜೋರಿತ್ತು. ಐದು ಹೊಳೆಗಳ ನೀರು ಒಂದೇ ಅಳಿವೆಯಲ್ಲಿ ಸಮುದ್ರಕ್ಕೆ ಹೋಗೋ ಜಾಗ ಅದು. ವಾಪಸ್ ಬರುವಾಗ ಮೋಟರ್ ಫುಲ್ ಇಟ್ಟಿದ್ದೀನಿ, ಆದ್ರೂ ಫ್ಯಾನಿನ ಸದ್ದು ಸಣ್ಣಗಾಗ್ತಾ ಬಂತು, ದಂಡೆ ಮೇಲಿನ ಒಂದು ತೆಂಗಿನ ಮರ ಗುರುತಿಟ್ಟು ನೋಡ್ತಿದ್ದೆ, ಮೊದಲು ಅದು ನಿಂತಲ್ಲೇ ನಿಂತಿತು, ಆಮೇಲೆ ನಿಧಾನಕ್ಕೆ ಮುಂದೆ ಹೋಯ್ತು, ಅಂದ್ರೆ ನಾನು ಅಳಿವೆ ಕಡೆ ಹಿಂದೆ ಹೋಗ್ತಾ ಇದ್ದೆ. ಲಂಗರು ಹಾಕಿ, ಇಳಿತ ಕಮ್ಮಿ ಆಗೋವರೆಗೆ ಕಾದು, ಹುಟ್ಟು ಹಾಕ್ಕೊಂಡು ಬಂದೆ. ದಡದಲ್ಲಿ ಬಲೆ ಸರಿ ಮಾಡ್ತಿದ್ದ ನೆರೆಮನೆ ಮಾವ ಅಂದ್ರು, "ಮಗಾ, ಬ್ಯಾಟ್ರಿ ಒಂದನ್ನೇ ನಂಬುಕಾಗ, ಹುಟ್ಟ್ ಒಂದ್ ಯಾವತ್ತೂ ಇರ್ಲಿ." ಇವತ್ತಿಗೂ ಹುಟ್ಟಿಲ್ದೆ ನಾನು ದೋಣಿ ಬಿಡಲ್ಲ.

100 ಎಎಚ್ ಎಲ್ಲಿ ಹೋಯ್ತು ಅಂತ ಕೂತು ಲೆಕ್ಕ ಹಾಕಿದೆ. ಲೆಡ್ ಆ್ಯಸಿಡ್ ಬ್ಯಾಟ್ರಿ ಮೇಲೆ ಬರೆದಿರೋ 100, ಇಪ್ಪತ್ತು ಗಂಟೆ ನಿಧಾನಕ್ಕೆ ಎಳೆದ್ರೆ ಸಿಗೋದು, ಅಂದ್ರೆ ಬರೀ 5 ಆಂಪಿಯರ್. ಮೋಟರ್ ಅದರ ಒಂಬತ್ತು ಪಟ್ಟು ಎಳೆಯುತ್ತೆ, ಅಷ್ಟು ಎಳೆದ್ರೆ ಸಿಗೋದೇ ಕಮ್ಮಿ, ಮೇಲಾಗಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡ್ತಾ ಹೋದ್ರೆ ಪ್ಲೇಟು ಬೇಗ ಹಾಳು. ಖಾಲಿ ಆಗ್ತಾ ವೋಲ್ಟೇಜೂ ಇಳಿಯುತ್ತೆ, ಹಾಗಾಗಿ ಮನೆಗೆ ಬರೋ ಹೊತ್ತಿಗೇ, ಬಲ ಬೇಕಾದಾಗಲೇ, ಮೋಟರ್ ಸೋಲೋದು.

ಹಗುರ ಅಂದ್ರೆ ಲಿಥಿಯಂ, ಅದರಲ್ಲಿ ಯಾವುದು? ಸ್ಕೂಟರ್ ಬ್ಯಾಟ್ರಿಯ ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರೋ ಲಿಥಿಯಂ) ಸೆಲ್ ಹಾಕು, ಇನ್ನೂ ಹಗುರ ಅಂದ್ರು ಕೆಲವರು. ಅದನ್ನ ಮೂರು ಜೋಡಿಸಿದ್ರೆ 11.1 ವೋಲ್ಟ್, ಮೋಟರಿಗೆ ಸಾಲಲ್ಲ, ನಾಲ್ಕು ಜೋಡಿಸಿದ್ರೆ ಫುಲ್ ಚಾರ್ಜಲ್ಲಿ 16.8, ಜಾಸ್ತಿ ಆಯ್ತು. ಲಿಥಿಯಂ ಐರನ್ ಫಾಸ್ಫೇಟ್ ನಾಲ್ಕು ಸೆಲ್ಲಿಗೆ 12.8 ವೋಲ್ಟ್, ಸರಿಯಾಗಿ ಕೂರುತ್ತೆ, ಬಿಸಿಗೆ ಬೇಗ ಬೆಂಕಿ ಹತ್ತೋ ಸ್ವಭಾವವೂ ಅದಕ್ಕೆ ಕಮ್ಮಿ. ನಮ್ಮ ಕರಾವಳಿ ಬಿಸಿಲಲ್ಲಿ ದೋಣಿ ಒಳಗೆ ಮುಚ್ಚಿಡೋ ವಸ್ತು, ನಂಗೆ ಅದು ಮುಖ್ಯ. ಈ ರಾಸಾಯನಿಕದ ಬಗ್ಗೆ ಓದ್ತಾ ಒಂದು ಖುಷಿ ವಿಷಯ ಸಿಕ್ತು, ಇದನ್ನ ಬ್ಯಾಟ್ರಿಗೆ ಬಳಸಬಹುದು ಅಂತ ತೋರಿಸಿದ 1997ರ ಪ್ರಬಂಧದಲ್ಲಿ ವಿಜ್ಞಾನಿ ಗುಡ್‌ಇನಫ್ ಜೊತೆ ಪಾಧಿ, ನಂಜುಂಡಸ್ವಾಮಿ ಅಂತ ಹೆಸರುಗಳಿವೆ. ನಂಜುಂಡಸ್ವಾಮಿ ಅನ್ನೋ ಹೆಸರು ಅಲ್ಲಿ ನೋಡಿ ಎದೆ ತುಂಬಿ ಬಂತು ಮಾರಾಯ್ರೆ.

ಆದ್ರೆ ಅಲ್ಲೂ ನಾನು ಒಂದು ತಪ್ಪು ಮಾಡಿದೆ. ತೂಕ ಮಾತ್ರ ನೋಡಿ, ಪರಿಚಯದವರೊಬ್ರು ಜೋಡಿಸಿದ 60 ಎಎಚ್ ತಗೊಂಡೆ, ಏಳೇ ಕೆಜಿ, ಒಂದೇ ಕೈಲಿ ಹಿಡ್ಕೊಂಡು ಹೋಗಬಹುದು. ಐದನೇ ಸ್ಪೀಡಿಗೆ, ಅಂದ್ರೆ ಫುಲ್ಲಿಗೆ ಇಟ್ಟು ಎರಡು ನಿಮಿಷ ಆಗಿಲ್ಲ, ಮೋಟರ್ ಫಕ್ಕಂತ ನಿಂತಿತು. ಮನೆಗೆ ತಂದು ಮುಚ್ಚಳ ಬಿಚ್ಚಿ ನೋಡ್ತೀನಿ, ಸೆಲ್ಲುಗಳಿಗೆ ಬರೀ ಹಳದಿ ಟೇಪು ಸುತ್ತಿದೆ, ವೈರು ಮನೆ ಲೈಟಿಗೆ ಹಾಕೋವಷ್ಟು ಸಪೂರ, ಬಿಎಂಎಸ್ ಬೋರ್ಡಿನ ಮೂಲೇಲಿ ಸಣ್ಣಗೆ 40 ಎ ಅಂತ ಅಚ್ಚಾಗಿದೆ. ಬಿಎಂಎಸ್ ಅಂದ್ರೆ ಬ್ಯಾಟ್ರಿಯ ಕಾವಲುಗಾರ, ತನ್ನ ಮಿತಿ ದಾಟಿದ್ರೆ ಕರೆಂಟ್ ಕಟ್ ಮಾಡುತ್ತೆ. ಅದು ಅದರ ಕೆಲಸ ಸರಿಯಾಗೇ ಮಾಡಿತ್ತು, ಕೇಳದೆ ತಗೊಂಡಿದ್ದು ನಾನು.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಡಿಸಿ ಅಳೆಯೋ ಕ್ಲ್ಯಾಂಪ್ ಮೀಟರ್ ತಂದು (ಎಸಿ ಮಾತ್ರ ಅಳೆಯೋದು ಬರುತ್ತೆ, ಅದು ಇದಕ್ಕೆ ಆಗಲ್ಲ, ನೋಡಿ ತಗೊಳ್ಳಿ) ಹಳೇ ಬ್ಯಾಟ್ರಿ ಮೇಲೇ ದೋಣಿ ಓಡಿಸಿ ಒಂದೊಂದು ಸ್ಪೀಡಲ್ಲೂ ಎಷ್ಟು ಎಳೆಯುತ್ತೆ ಅಂತ ಬರ್ಕೊಂಡೆ. ಮೂರರಲ್ಲಿ 20 ಆಂಪಿಯರ್, ಐದರಲ್ಲಿ 46. ನನ್ನ ಒಂದು ಬೆಳಗ್ಗೆ ಅಂದ್ರೆ ಮೂರರಲ್ಲಿ ಒಂದೂಕಾಲು ಗಂಟೆ, ವಾಪಸ್ ಇಳಿತಕ್ಕೆ ಎದುರು ಐದರಲ್ಲಿ ಅರ್ಧ ಗಂಟೆ, ಉಳಿದ ಹೊತ್ತೆಲ್ಲ ಲಂಗರು ಹಾಕಿ ಕೂರೋದು. 25 ಮತ್ತು 23, ಒಟ್ಟು 48 ಎಎಚ್. ಲೆಕ್ಕಕ್ಕೆ 60 ಸಾಕು, ಆದ್ರೆ ಇಳಿತದ ದಿನ ಅರ್ಧ ಗಂಟೆ ಒಂದು ಗಂಟೆ ಆಗಬಹುದು, ಮತ್ತೆ ನಂಗೆ ಸಿಕ್ಕಿದ 60ರವಕ್ಕೆಲ್ಲ ಬಿಎಂಎಸ್ 50ರ ಆಸುಪಾಸು, ಮೋಟರ್ ಎಳೆಯೋದು 46. ಹಾಗೆ ಅಂಚಿನಲ್ಲಿ ಓಡಿಸೋದು ಬೇಡ ಅಂತ 100 ಎಎಚ್, 100 ಆಂಪಿಯರ್ ಬಿಎಂಎಸ್ ಇರೋದು ತಗೊಂಡೆ. ತೂಕ 11.8 ಕೆಜಿ. ಚಾರ್ಜರ್ ಸೇರಿ ನಂಗೆ 34,000 ಬಿತ್ತು, ಕಮ್ಮಿ ದುಡ್ಡಲ್ಲ. ಇನ್ವರ್ಟರ್ ಚಾರ್ಜರ್ ಹಾಕಲಿಲ್ಲ, ಇದಕ್ಕೇ ಅಂತ 14.6 ವೋಲ್ಟಿಂದು ಬೇರೆ ತಗೊಂಡೆ.

ಮೊದಲ ದಿನ ಇನ್ನೊಂದು ಪಾಠ ಆಯ್ತು. 25 ಕೆಜಿ ಕಮ್ಮಿ ಆದ ಮೇಲೆ ದೋಣಿಯ ಹದವೇ ಬೇರೆ, ಒಬ್ಬನೇ ಹಿಂದೆ ಕೂತ್ರೆ ಮೂತಿ ಮೇಲೆದ್ದು ಗಾಳಿ ಎತ್ತಲೋ ತಳ್ಳುತ್ತೆ. ಬ್ಯಾಟ್ರಿನ ಮುಂದಕ್ಕೆ ಇಟ್ಟೆ, ಅಲ್ಲಿಂದ ಮೋಟರಿಗೆ ಮೂರು ಮೀಟರ್, 16 ಸ್ಕ್ವೇರ್ ಎಂಎಂ ತವರ ಲೇಪದ ತಾಮ್ರದ ವೈರ್ ಎಳೆದೆ, ಬರೀ ತಾಮ್ರ ಆದ್ರೆ ಉಪ್ಪುನೀರಿಗೆ ಒಂದೇ ಸೀಸನ್ನಲ್ಲಿ ಹಸಿರು ಹಿಡಿಯುತ್ತೆ. ಬ್ಯಾಟ್ರಿ ಹತ್ರಾನೇ 60 ಆಂಪಿಯರ್ ಬ್ರೇಕರ್, ಟರ್ಮಿನಲ್ಲಿಗೆ ವ್ಯಾಸಲೀನ್, ಹಗುರ ಇರೋದ್ರಿಂದ ಅಲೆಗೆ ಜಾರುತ್ತೆ, ಅದಕ್ಕೆ ಡಬ್ಬದ ಸಮೇತ ಬೆಲ್ಟಲ್ಲಿ ಬಿಗಿದಿದ್ದೀನಿ.

ಈ ಲಿಥಿಯಂ ಬ್ಯಾಟ್ರಿಯ ವೋಲ್ಟೇಜ್ ಕಡೇ ತನಕ 13ರ ಆಸುಪಾಸಲ್ಲೇ ಇದ್ದು ಕೊನೇಲಿ ಒಮ್ಮೆಲೇ ಬೀಳುತ್ತೆ, ಮೋಟರ್ ಸೋತು ಎಚ್ಚರಿಸೋದು ಅಂತ ಇಲ್ಲ. ಹಾಗಾಗಿ ಬ್ಯಾಟ್ರಿಯಿಂದ ಹೋದ ಕರೆಂಟು, ಬಂದ ಕರೆಂಟು ಎಣಿಸೋ ಶಂಟ್ ಮೀಟರ್ ಹಾಕ್ಲೇಬೇಕು. 50 ಎಎಚ್ ಖರ್ಚಾಯ್ತು ಅಂದ್ರೆ ಮೀನು ಕಚ್ತಾ ಇದ್ರೂ ನಾನು ಗಾಳ ಸುತ್ತಿಬಿಡ್ತೀನಿ. ಮಳೆಗಾಲದಲ್ಲಿ ದೋಣಿ ಮೇಲೆ ಎಳೆದ ಮೇಲೆ ಬ್ಯಾಟ್ರಿ ಅರ್ಧ ಚಾರ್ಜಲ್ಲಿ, ವೈರ್ ಬಿಚ್ಚಿ ಮನೆ ಒಳಗೆ ಇಡ್ತೀನಿ. ತಮ್ಮ ಈಗ ರಜೆ ದಿನ ಎಂಟು ಗಂಟೆವರೆಗೂ ಮಲಗಿರ್ತಾನೆ.